ಗಾಜಿನ ತೊಟ್ಟಿಯಲ್ಲಿ ಕಡಲು ಕಂಡ ಜೀನ್ ಪವರ್

ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟು ಮೀನು, ಹವಳ ಸಾಕುವವರು ಇಂದು ಅನೇಕರಿದ್ದಾರೆ. ಕಡಲಿನ ಜೀವಿಗಳನ್ನು ಗಾಜಿನ ತೊಟ್ಟಿಯಲ್ಲಿಟ್ಟು ಅಧ್ಯಯನ ಮಾಡಿದ ಮೊದಲಿಗರಲ್ಲಿ ಜೀನ್ ವಿಲ್‌ಪ್ರೂ ಪವರ್ ಒಬ್ಬರು.

1794ರಲ್ಲಿ ಫ್ರಾನ್ಸಿನ ಜುಯಾಕ್‌ನಲ್ಲಿ, ಪಾದರಕ್ಷೆ ಹೊಲಿಯುವವರ ಮಗಳಾಗಿ ಜನಿಸಿದರು. ಪ್ಯಾರಿಸ್‌ನಲ್ಲಿ ಬಟ್ಟೆ ಹೊಲಿದು ಬದುಕಿದರು. 1818ರಲ್ಲಿ ವ್ಯಾಪಾರಿ ಜೇಮ್ಸ್ ಪವರ್ ಅವರನ್ನು ಮದುವೆಯಾಗಿ ಸಿಸಿಲಿ ದ್ವೀಪದ ಮೆಸ್ಸಿನಾದಲ್ಲಿ ನೆಲೆಸಿದರು. ಅಲ್ಲಿ ಸ್ವಂತ ಓದಿನಿಂದಲೇ ಜೀವಶಾಸ್ತ್ರ ಕಲಿತರು.

ಅರ್ಗೊನಾಟ್ ಎಂಬುದು ಆಕ್ಟೋಪಸ್ ಜಾತಿಯ ಪ್ರಾಣಿ. ಅದರ ತೆಳು ಚಿಪ್ಪು ಸ್ವಂತದ್ದೋ, ಬೇರೆ ಪ್ರಾಣಿಯಿಂದ ಕಸಿದದ್ದೋ ಎಂದು ವಿದ್ವಾಂಸರು ವಾದಿಸುತ್ತಿದ್ದರು. ಸತ್ತ ಪ್ರಾಣಿಯಿಂದ ಉತ್ತರ ಸಿಗುವಂತಿರಲಿಲ್ಲ. 1832ರ ಸುಮಾರಿಗೆ ಜೀನ್ ಗಾಜಿನ ತೊಟ್ಟಿ ಮಾಡಿಸಿದರು. ಕಡಲಿಗೆ ಇಳಿಬಿಡುವ ಪಂಜರಗಳನ್ನೂ ರೂಪಿಸಿದರು. ಜೀವಂತ ಅರ್ಗೊನಾಟ್‌ನ ಚಿಪ್ಪಿನ ಚೂರು ಮುರಿದು ಕಾದರು. ಪ್ರಾಣಿ ತಾನೇ ಅದನ್ನು ದುರಸ್ತಿ ಮಾಡಿಕೊಂಡಿತು! ಮರಿಗಳು ಚಿಪ್ಪು ಕಟ್ಟುವುದನ್ನೂ ಕಂಡರು. ಚಿಪ್ಪು ಅದರದ್ದೇ ಎಂದು ಸಾಬೀತಾಯಿತು.

ಮುಂದೆ ಅವರ ಸಂಗ್ರಹ, ಟಿಪ್ಪಣಿಗಳಿದ್ದ ಹಡಗು ಮುಳುಗಿ ಬಹಳಷ್ಟು ಕಳೆದುಹೋಯಿತು. 1871ರಲ್ಲಿ ಹುಟ್ಟೂರಲ್ಲೇ ನಿಧನರಾದರು. 1997ರಲ್ಲಿ ಶುಕ್ರಗ್ರಹದ ಕುಳಿಯೊಂದಕ್ಕೆ ಅವರ ಹೆಸರಿಡಲಾಯಿತು.

ಸ್ನೇಹಿತರೇ, ಕಡಲು ನಮಗೆ ದೂರ. ಬೋನಾಳ ಕೆರೆ ಹತ್ತಿರ. ಅದರ ದಂಡೆಯಲ್ಲಿ ನಿಂತು ತಾಳ್ಮೆಯಿಂದ ನೋಡಿ, ಕಂಡದ್ದನ್ನು ಬರೆದಿಡಿ. ಜೀನ್ ಅವರ ವಿಜ್ಞಾನವೂ ಹಾಗೆಯೇ ಬೆಳೆಯಿತು.