ಕಲ್ಲಿನಲ್ಲಿ ಕಡಲನ್ನು ಕಂಡ ಧರ್ಮಾಧ್ಯಕ್ಷ

ಧನ್ಯ ನಿಕೊಲಾಸ್ ಸ್ಟೆನೊ ಅವರ ಹೆಸರು ನಮ್ಮ ಕಥೋಲಿಕ ಕುಟುಂಬಗಳಲ್ಲಿ ಅಷ್ಟಾಗಿ ಪರಿಚಿತವಲ್ಲ. ಭೂವಿಜ್ಞಾನದ ವಿದ್ಯಾರ್ಥಿಗಳಾದರೋ ಮೊದಲ ಪಾಠಗಳಲ್ಲಿಯೇ ಅವರ ಹೆಸರನ್ನು ಕೇಳಿರುತ್ತಾರೆ. ಆದರೆ ಅವರು ಧರ್ಮಾಧ್ಯಕ್ಷರಾಗಿದ್ದರೆಂಬುದನ್ನು ಅರಿತವರು ವಿರಳ.

1638ರಲ್ಲಿ ಕೋಪನ್‌ಹೇಗನ್ ನಗರದ ಲೂಥರನ್ ಅಕ್ಕಸಾಲಿಗರ ಮನೆಯಲ್ಲಿ ಜನಿಸಿದ ಸ್ಟೆನೊ, ಅಂಗರಚನಾಶಾಸ್ತ್ರದಲ್ಲಿ ಕೀರ್ತಿ ಗಳಿಸಿ ಇಟಲಿಯ ಫ್ಲಾರೆನ್ಸ್ ನಗರಕ್ಕೆ ಬಂದರು. 1666ರಲ್ಲಿ ಲಿವೊರ್ನೊ ಬಳಿಯ ಕಡಲಿನಲ್ಲಿ ಸಿಕ್ಕ ಭಾರಿ ಶಾರ್ಕ್ ಮೀನೊಂದರ ತಲೆಯನ್ನು ಪರೀಕ್ಷಿಸುವ ಕಾರ್ಯ ಅವರ ಪಾಲಿಗೆ ಬಂತು. ಬಂಡೆಗಳಲ್ಲಿ ದೊರೆಯುತ್ತಿದ್ದ, ಜನರು ನಾಲಗೆಕಲ್ಲುಗಳೆಂದು ಕರೆಯುತ್ತಿದ್ದ ವಸ್ತುಗಳು ಆ ಮೀನಿನ ಹಲ್ಲುಗಳಂತೆಯೇ ಇದ್ದವು. ಮೀನಿನ ಹಲ್ಲು ಬೆಟ್ಟದ ಕಲ್ಲನ್ನು ಹೊಕ್ಕಿದ್ದು ಹೇಗೆ? ಉತ್ತರಕ್ಕಾಗಿ ಅವರು ಟಸ್ಕನಿ ಪ್ರಾಂತ್ಯದ ಗುಡ್ಡಗಳನ್ನು ಅಲೆದರು.

1669ರಲ್ಲಿ ಪ್ರಕಟವಾದ ಅವರ ಪುಟ್ಟ ಗ್ರಂಥದಲ್ಲಿ ಆ ಉತ್ತರವಿದೆ. ಕಲ್ಲಿನ ಪದರಗಳು ನೀರಿನಲ್ಲಿ ಗಸಿಯಂತೆ ತಳಕ್ಕಿಳಿದು ಉಂಟಾದವು; ಆದ್ದರಿಂದ ಕೆಳಗಿನ ಪದರ ಮೇಲಿನದಕ್ಕಿಂತ ಹಳೆಯದು. ಪದರದಲ್ಲಿ ಕಡಲ ಜೀವಿಗಳ ಅವಶೇಷಗಳಿದ್ದರೆ ಅಲ್ಲಿ ಒಮ್ಮೆ ಕಡಲಿತ್ತು. ಜೊಂಡು, ಪೈನ್ ಕಾಯಿ, ಮರದ ಕಾಂಡಗಳು ತುಂಬಿದ್ದರೆ ಅದು ನದಿಯ ನೆರೆ ತಂದದ್ದು. ಇದ್ದಿಲು, ಬೂದಿಗಳಿದ್ದರೆ ಬೆಂಕಿಯ ಗುರುತು. ಇಂದು ಸರಳವೆನಿಸುವ ಈ ಮಾತು ಅಂದು ಎಷ್ಟು ಹೊಸದಾಗಿತ್ತೆಂಬುದನ್ನು ನಾವು ಮರೆಯಬಾರದು. ಚಿಪ್ಪಿನಾಕಾರಗಳು ಕಲ್ಲಿನೊಳಗೆ ತಾವಾಗಿಯೇ ಬೆಳೆಯುತ್ತವೆಂದು ನಂಬಿದ್ದ ಪಂಡಿತರು ಆಗ ಅನೇಕರಿದ್ದರು.

ವೊಲ್ತೆರ್ರಾ ಎಂಬ ಬೆಟ್ಟದ ಮೇಲಣ ಪಟ್ಟಣದ ಪುರಾತನ ಕೋಟೆಗೋಡೆಯಲ್ಲಿ ಅವರು ಚಿಪ್ಪುಗಳಿಂದ ಕೂಡಿದ ದೊಡ್ಡ ಕಲ್ಲುಗಳನ್ನು ಕಂಡರು. ಗೋಡೆಗಿಂತ ಕಲ್ಲು ಹಳೆಯದು, ಕಲ್ಲಿಗಿಂತ ಚಿಪ್ಪು ಹಳೆಯದು. ಆ ಕಲ್ಲು ಪೂರ್ತಿ ಮರಳುಗಲ್ಲೂ ಅಲ್ಲ, ಪೂರ್ತಿ ಸುಣ್ಣದಕಲ್ಲೂ ಅಲ್ಲ, ಎರಡರ ಮಿಶ್ರಣ. ಮರಳು ನೆಲದ ಕಡೆಯಿಂದ ಬಂದದ್ದು, ಸುಣ್ಣ ಕಡಲ ಜೀವಿಗಳ ಚಿಪ್ಪಿನದು. ಎರಡೂ ಹೀಗೆ ಬೆರೆತಿರುವಲ್ಲಿ ದಡಕ್ಕೆ ಸಮೀಪದ, ಆಳವಿಲ್ಲದ ಕಡಲಿತ್ತೆಂದು ಇಂದಿನ ಭೂವಿಜ್ಞಾನಿಗಳು ಓದುತ್ತಾರೆ. ಸ್ಟೆನೊ ಆ ಕಡಲನ್ನು ನೋಹನ ಕಾಲದ ಜಲಪ್ರಳಯಕ್ಕೆ ಹೊಂದಿಸಿದರು. ಇಂದಿನ ಲೆಕ್ಕದಂತೆ ಆ ಕಲ್ಲಿಗೆ 25 ಲಕ್ಷ ವರ್ಷಗಳಿಗೂ ಹೆಚ್ಚಿನ ವಯಸ್ಸು. ಕಾಲಗಣನೆ ಬದಲಾಯಿತು, ಕಲ್ಲನ್ನು ಓದುವ ಕ್ರಮ ಉಳಿಯಿತು.

ಆ ಗ್ರಂಥವು ಮುಂಬರಲಿದ್ದ ಮಹಾಗ್ರಂಥವೊಂದರ ಮುನ್ನುಡಿ ಮಾತ್ರ. ಮಹಾಗ್ರಂಥ ಬರಲೇ ಇಲ್ಲ. 1667ರಲ್ಲಿಯೇ ಕಥೋಲಿಕ ಧರ್ಮಸಭೆಯನ್ನು ಸೇರಿದ್ದ ಸ್ಟೆನೊ, 1675ರಲ್ಲಿ ಗುರುದೀಕ್ಷೆ ಪಡೆದು, 1677ರಲ್ಲಿ ಧರ್ಮಾಧ್ಯಕ್ಷರಾಗಿ ಉತ್ತರ ಜರ್ಮನಿಗೆ ತೆರಳಿದರು. ವಿಜ್ಞಾನಕ್ಕೆ ಇದು ನಷ್ಟವೆಂದು ಮರುಗುವವರಿದ್ದಾರೆ. ಅವರ ಮಾತನ್ನು ನಾವು ತಳ್ಳಿಹಾಕಲಾರೆವು. ಆದರೆ ಬಡವರಿಗಾಗಿ ತಮ್ಮ ಉಂಗುರವನ್ನೂ ಶಿಲುಬೆಯನ್ನೂ ಮಾರಿದ ಆ ಧರ್ಮಾಧ್ಯಕ್ಷರಿಗೆ ಹಾಗೆ ಅನಿಸಿದಂತಿಲ್ಲ. ಮ್ಯೂನ್‌ಸ್ಟರ್ ನಗರದಲ್ಲಿ ಧರ್ಮಾಧ್ಯಕ್ಷರ ಆಯ್ಕೆಗೆ ಹಣ ಚೆಲ್ಲಿದ್ದನ್ನು ಪ್ರತಿಭಟಿಸಿ ಅವರು 1683ರಲ್ಲಿ ಅಲ್ಲಿಂದ ಹೊರಟುಬಿಟ್ಟರು.

1686ರಲ್ಲಿ, ತಮ್ಮ 48ನೆಯ ವಯಸ್ಸಿನಲ್ಲಿ, ಶ್ವೆರಿನ್ ನಗರದಲ್ಲಿ ಅವರು ಕಡುಬಡತನದಲ್ಲಿ ನಿಧನರಾದರು. ಪಾರ್ಥಿವ ಶರೀರವನ್ನು ಫ್ಲಾರೆನ್ಸ್‌ಗೆ ತಂದು ಸಂತ ಲೊರೆನ್ಸೊ ದೇವಾಲಯದಲ್ಲಿ ಸಮಾಧಿ ಮಾಡಲಾಯಿತು. 1988ರ ಅಕ್ಟೋಬರ್ 23ರಂದು ಜಗದ್ಗುರು ದ್ವಿತೀಯ ಜಾನ್ ಪೌಲರು ಅವರನ್ನು ಧನ್ಯರೆಂದು ಘೋಷಿಸಿದರು.