ಡಾ. ಪಲ್ಪು (1863–1950): ಲಸಿಕೆ ಮತ್ತು ಪ್ಲೇಗ್ ನಿವಾರಣಾ ಸೇವೆ

ಬೆಂಗಳೂರಿನ ಸಾರ್ವಜನಿಕ ಆರೋಗ್ಯ ಸೇವೆಯ ಆರಂಭದ ದಿನಗಳಲ್ಲಿ ದುಡಿದ ಡಾ. ಪದ್ಮನಾಭನ್ ಪಲ್ಪುರವರು 1863ರ ನವೆಂಬರ್ 2ರಂದು ತಿರುವನಂತಪುರದ ಈಳವ ಕುಟುಂಬವೊಂದರಲ್ಲಿ ಜನಿಸಿದರು. ಕೇರಳದಲ್ಲಿ ಸಮಾಜ ಸುಧಾರಕರೆಂದು ಮನೆಮಾತಾಗಿರುವ ಇವರು ತಮ್ಮ ವೃತ್ತಿಜೀವನದ ಬಹುಭಾಗವನ್ನು ಮೈಸೂರು ಸಂಸ್ಥಾನದ ಸೇವೆಯಲ್ಲಿ ಕಳೆದರೆಂಬುದು ಬೆಂಗಳೂರಿನ ಅನೇಕ ನಾಗರಿಕರಿಗೆ ತಿಳಿಯದು.

ತಿರುವಾಂಕೂರಿನ ವೈದ್ಯಕೀಯ ಶಾಲೆಯ ಪ್ರವೇಶವು ಜಾತಿಯ ಕಾರಣದಿಂದ ಅವರಿಗೆ ದೊರೆಯಲಿಲ್ಲ. ಮದರಾಸಿನಲ್ಲಿ ಎಲ್.ಎಂ.ಎಸ್. ಪದವಿ ಪಡೆದು ಹಿಂದಿರುಗಿದಾಗ ಸ್ವಂತ ಸಂಸ್ಥಾನದಲ್ಲಿ ನೌಕರಿಯೂ ದೊರೆಯಲಿಲ್ಲ. ಮದರಾಸಿನಲ್ಲಿ ಅಲ್ಪಕಾಲ ಸೇವೆ ಸಲ್ಲಿಸಿದ ನಂತರ ಮೈಸೂರು ಸರ್ಕಾರದ ವೈದ್ಯಕೀಯ ಇಲಾಖೆಯನ್ನು ಸೇರಿದರು. ಬೆಂಗಳೂರಿನಲ್ಲಿ ಸಿಡುಬಿನ ಲಸಿಕೆ ತಯಾರಿಸುವ ಕಾರ್ಯ ಅವರ ಪಾಲಿಗೆ ಬಂದಿತು.

ಅಂದು ಜನರು ಸಿಡುಬನ್ನು ಅಮ್ಮನ ಆಗಮನವೆಂದು ಭಾವಿಸುತ್ತಿದ್ದರು. ಮನೆಗೆ ಬಂದ ದೇವಿಯನ್ನು ಬೇವಿನ ಸೊಪ್ಪು, ತಂಪಿನ ಆಹಾರಗಳಿಂದ ಶಾಂತಗೊಳಿಸಬೇಕೇ ಹೊರತು ಸೂಜಿಯಿಂದ ತಡೆಯಬಾರದೆಂಬ ನಂಬಿಕೆಯಿತ್ತು. ಆದರೆ ಮೈಲಿ ಹಾಕಿಸಿಕೊಳ್ಳಲು ಹಿಂಜರಿದುದಕ್ಕೆ ನಂಬಿಕೆಯೊಂದೇ ಕಾರಣವಾಗಿರಲಿಲ್ಲ. ಹಳೆಯ ಪದ್ಧತಿಯಲ್ಲಿ ಒಂದು ಮಗುವಿನ ತೋಳಿನ ಗುಳ್ಳೆಯಿಂದ ದ್ರವವನ್ನು ತೆಗೆದು ಮತ್ತೊಂದು ಮಗುವಿನ ತೋಳಿಗೆ ಹಾಕಲಾಗುತ್ತಿತ್ತು. ಯಾರ ಮನೆಯ ಮಗು, ಯಾವ ಜಾತಿ ಎಂಬ ಪ್ರಶ್ನೆ ಏಳುತ್ತಿತ್ತು. ಬೇರೆ ರೋಗಗಳು ದಾಟುವ ಅಪಾಯವೂ ನಿಜವಾಗಿಯೇ ಇತ್ತು. ಕರುವಿನ ಚರ್ಮದ ಮೇಲೆ ಬೆಳೆಸಿದ ಲಸಿಕೆಯಿಂದ ಈ ಅಪಾಯ ನೀಗಿತು. ಆದರೆ ಬಿಸಿಲಿನ ನಾಡಿನಲ್ಲಿ ಆ ದ್ರವವು ಬೇಗನೆ ಸತ್ವ ಕಳೆದುಕೊಳ್ಳುತ್ತಿತ್ತು. ಲಸಿಕೆ ಹಾಕಿಸಿಕೊಂಡ ಮಗುವಿಗೂ ಸಿಡುಬು ಬಂದರೆ ಆ ಬೀದಿಯವರು ಮತ್ತೆ ತೋಳು ಚಾಚುವುದು ಕಷ್ಟವೇ. ಆದುದರಿಂದ ತಯಾರಿಕೆಯ ಕೊಠಡಿಯಲ್ಲಿನ ಶುದ್ಧಿ ಮತ್ತು ಎಚ್ಚರಿಕೆ ಜನರ ವಿಶ್ವಾಸಕ್ಕೆ ನೇರವಾಗಿ ಸಂಬಂಧಿಸಿದ ವಿಷಯವಾಗಿತ್ತು.

1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಹಾಗೂ 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗ್ ಮಹಾಮಾರಿಯು 1898ರ ಆಗಸ್ಟ್‌ನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲುಮಾರ್ಗವಾಗಿ ಬೆಂಗಳೂರನ್ನು ತಲುಪಿತು. ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಸಾವಿರಾರು ಮಂದಿ ಮೃತಪಟ್ಟರು. ಶ್ರೀ ವಿ.ಪಿ. ಮಾಧವರಾಯರನ್ನು ಸಂಸ್ಥಾನದ ಪ್ಲೇಗ್ ಕಮಿಷನರನ್ನಾಗಿ ನೇಮಿಸಲಾಯಿತು. ಪಲ್ಪುರವರಿಗೆ ಪ್ಲೇಗ್ ಶಿಬಿರಗಳ ಹೊಣೆ ಬಂದಿತು. ಊರಿಗೆ ಊರೇ ಖಾಲಿಯಾಗುತ್ತಿದ್ದಾಗ ಅವರು ರೋಗಿಗಳ ನಡುವೆಯೇ ಉಳಿದರು.

ವಾಲ್ಡೆಮಾರ್ ಹಾಫ್‌ಕಿನ್‌ರವರು ಮುಂಬಯಿಯಲ್ಲಿ ಸಿದ್ಧಪಡಿಸಿ 1897ರ ಜನವರಿಯಲ್ಲಿ ಮೊದಲು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡ ಪ್ಲೇಗ್ ಲಸಿಕೆಯು ಆ ವೇಳೆಗೆ ಲಭ್ಯವಿತ್ತು. ಅದನ್ನು ಚುಚ್ಚಿಸಿಕೊಂಡವರಿಗೆ ಜ್ವರ ಬಂದು ತೋಳು ಊದಿಕೊಳ್ಳುತ್ತಿತ್ತು. ದಿನಗೂಲಿಯವರಿಗೆ ಅದು ಒಂದೆರಡು ದಿನದ ಅನ್ನದ ಪ್ರಶ್ನೆ. ರೋಗವು ಮೊದಲೇ ಮೈಸೇರಿದ್ದವರು ಲಸಿಕೆಯ ನಂತರ ತೀರಿಕೊಂಡರೆ ಆ ಸಾವಿನ ಹೊಣೆ ಸೂಜಿಯ ಮೇಲೆ ಬೀಳುತ್ತಿತ್ತು. ಇದಕ್ಕಿಂತ ಮುಖ್ಯವಾಗಿ, ಲಸಿಕೆಯನ್ನು ತರುತ್ತಿದ್ದ ಸರ್ಕಾರವೇ ಮನೆ ಮನೆ ಶೋಧಿಸುತ್ತಿತ್ತು, ರೋಗಿಯನ್ನು ಶಿಬಿರಕ್ಕೆ ಒಯ್ಯುತ್ತಿತ್ತು, ಸಾಮಾನುಗಳನ್ನು ಸುಡಿಸುತ್ತಿತ್ತು. ಶಿಬಿರಕ್ಕೆ ಹೋದವರು ಹಿಂದಿರುಗುವುದಿಲ್ಲವೆಂಬ ಭಯದಿಂದ ಜನರು ಕಾಯಿಲೆಯವರನ್ನು ಅಡಗಿಸಿಟ್ಟರು. ಪುಣೆಯಲ್ಲಿ ಇಂತಹ ಶೋಧನೆಗಳಿಂದ ಕೆರಳಿದ ಚಾಪೇಕರ್ ಸಹೋದರರು 1897ರ ಜೂನ್‌ನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ರನ್ನು ಕೊಂದಿದ್ದರು. 1898ರಲ್ಲಿ ಶ್ರೀರಂಗಪಟ್ಟಣದ ಸಮೀಪದ ಗಂಜಾಮಿನಲ್ಲಿಯೂ ಪ್ಲೇಗ್ ಕ್ರಮಗಳ ವಿರುದ್ಧ ದಂಗೆಯಾಯಿತು.

ಇಲಿ ಬಿದ್ದ ಕೂಡಲೇ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡ ಜನರನ್ನು ಅಜ್ಞಾನಿಗಳೆನ್ನುವುದು ಸರಿಯಾಗಲಾರದು. ಇಲಿಯ ಚಿಗಟದಿಂದ ರೋಗ ಹರಡುತ್ತದೆಂದು ಪಾಲ್-ಲೂಯಿ ಸಿಮೊಂಡ್‌ರವರು ತೋರಿಸಿದ್ದು ಅದೇ 1898ರಲ್ಲಿ. ವೈದ್ಯ ಸಮುದಾಯವು ಅದನ್ನು ಒಪ್ಪಲು ಇನ್ನೂ ಹಲವು ವರ್ಷಗಳು ಬೇಕಾದವು. ಸರ್ಕಾರವೂ ಪೇಟೆಯ ದಟ್ಟಣೆಯನ್ನು ಕಡಿಮೆ ಮಾಡಲು ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳ ರಚನೆಯನ್ನು ಕೈಗೊಂಡಿತು. ಚಾಮರಾಜಪೇಟೆ ಅದಕ್ಕೂ ಮೊದಲೇ, 1892ರಲ್ಲಿ ಆರಂಭವಾಗಿತ್ತು. ಅಗಲವಾದ ರಸ್ತೆ, ಮನೆಯ ಸುತ್ತ ಗಾಳಿ ಬೆಳಕು ಇವುಗಳಿಗೆ ಯಾರದೂ ವಿರೋಧವಿರಲಿಲ್ಲ. ನಿವೇಶನ ಕೊಳ್ಳಲು ಹಣವಿರಬೇಕಿತ್ತು, ಅಷ್ಟೆ.

ಲಸಿಕೆಯ ಬಗೆಗಿನ ಅನುಮಾನ ಬೇಗ ಹೋಗಲಿಲ್ಲ. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ ಕಲುಷಿತವಾದ ಒಂದೇ ಸೀಸೆಯ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಮೃತರಾದರು. ಆ ಸುದ್ದಿಯು ದೇಶದೆಲ್ಲೆಡೆ ಹಬ್ಬಿತು. ಹಾಫ್‌ಕಿನ್‌ರವರು ನಿರ್ದೋಷಿಯೆಂದು ತೀರ್ಮಾನವಾದದ್ದು 1907ರಲ್ಲಿ.

ಪಲ್ಪುರವರು ಇಂಗ್ಲೆಂಡಿಗೆ ತೆರಳಿ ಕೇಂಬ್ರಿಜ್‌ನಲ್ಲಿ ಸಾರ್ವಜನಿಕ ಆರೋಗ್ಯದ ಡಿಪ್ಲೊಮಾ ಪಡೆದರು. ನಂತರ ಬೆಂಗಳೂರು ನಗರದ ಆರೋಗ್ಯಾಧಿಕಾರಿಯಾಗಿಯೂ ಸೇವೆ ಸಲ್ಲಿಸಿದರು. ಈ ನೌಕರಿಯ ನಡುವೆಯೇ, ತಿರುವಾಂಕೂರಿನ ಶಾಲೆ ಮತ್ತು ಸರ್ಕಾರಿ ಹುದ್ದೆಗಳನ್ನು ಈಳವರಿಗೂ ತೆರೆಯಬೇಕೆಂದು ಕೋರಿ 1896ರಲ್ಲಿ 13,176 ಮಂದಿ ಸಹಿ ಮಾಡಿದ ಮನವಿಯನ್ನು ಸಲ್ಲಿಸುವಲ್ಲಿ ಮುಂದಾಳಾಗಿದ್ದರು. 1903ರಲ್ಲಿ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗಂ ಸ್ಥಾಪನೆಗೂ ಕಾರಣರಾದರು. ತಮ್ಮ ಊರಿನಲ್ಲಿ ಯಾರನ್ನು ದೂರವಿಡಲಾಗಿತ್ತೋ ಅವರ ಮೇಲ್ವಿಚಾರಣೆಯಲ್ಲಿ ತಯಾರಾದ ಲಸಿಕೆಯು ಮೈಸೂರು ಸಂಸ್ಥಾನದಲ್ಲಿ ಎಲ್ಲ ಜಾತಿಯ ಮಕ್ಕಳ ತೋಳನ್ನು ಸೇರಿತ್ತು.

1920ರಲ್ಲಿ ನಿವೃತ್ತರಾದ ಡಾ. ಪಲ್ಪುರವರು 1950ರ ಜನವರಿ 25ರಂದು ನಿಧನರಾದರು. ಆಗಲೂ ದೇಶದಲ್ಲಿ ಸಿಡುಬು ಇತ್ತು. ದೇಶದೊಳಗೆ ಹರಡಿದ ಸಿಡುಬಿನ ಕೊನೆಯ ಪ್ರಕರಣ 1975ರ ಮೇ ತಿಂಗಳಿನಲ್ಲಿ ವರದಿಯಾಯಿತು. 1977ರಲ್ಲಿ ಭಾರತವು ಸಿಡುಬು ಮುಕ್ತವೆಂದು ಘೋಷಿತವಾಯಿತು.