ನೀಲಿ ಕುಂಬಾರಿಕೆಗೆ ಮರುಜೀವ ಕೊಟ್ಟ ಕಮಲಾದೇವಿ

ಜೈಪುರದ ನೀಲಿ ಹೂಜಿ, ತಟ್ಟೆಗಳನ್ನು ಕರಕುಶಲ ಮೇಳಗಳಲ್ಲಿ ನಮ್ಮ ಭಾಗದ ಅನೇಕರು ನೋಡಿರುತ್ತಾರೆ. ಅಳಿದೇ ಹೋಗುತ್ತಿದ್ದ ಆ ಕಸುಬನ್ನು ಉಳಿಸಿದವರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಪ್ರಮುಖರು ಎಂಬುದು ಹೆಚ್ಚು ಜನರಿಗೆ ತಿಳಿದಿಲ್ಲ.

ಇವರು ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಸಾರಸ್ವತ ಕುಟುಂಬದಲ್ಲಿ. ಆಗ ಮಂಗಳೂರೂ ಮದ್ರಾಸ್ ಪ್ರಾಂತ್ಯ, ಧರ್ಮಪುರಿಯನ್ನು ಒಳಗೊಂಡಿದ್ದ ನಮ್ಮ ಸೇಲಂ ಜಿಲ್ಲೆಯೂ ಅದೇ ಪ್ರಾಂತ್ಯ. ತಂದೆ ಅನಂತಯ್ಯ ಧಾರೇಶ್ವರ ಉಯಿಲು ಬರೆಯದೆ ತೀರಿಕೊಂಡರು. ಅಂದಿನ ಕಾನೂನಿನಂತೆ ಆಸ್ತಿ ಮೊದಲ ಹೆಂಡತಿಯ ಮಗನಿಗೆ ಹೋಯಿತು, ತಾಯಿ ಗಿರಿಜಾಬಾಯಿಗೆ ಪಾಲು ಸಿಗಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಕಮಲಾದೇವಿಗೆ ಮದುವೆಯಾಯಿತು, ಎರಡೇ ವರ್ಷದಲ್ಲಿ ವಿಧವೆಯಾದರು. ಮದ್ರಾಸಿನಲ್ಲಿ ಓದು ಮುಂದುವರಿಸಿ, ಸರೋಜಿನಿ ನಾಯ್ಡು ಅವರ ತಮ್ಮ ಹರೀಂದ್ರನಾಥರನ್ನು ಮದುವೆಯಾದದ್ದು ಆ ಕಾಲಕ್ಕೆ ದೊಡ್ಡ ಸುದ್ದಿ. 1926ರಲ್ಲಿ ಮದ್ರಾಸ್ ಶಾಸನಸಭೆಗೆ ನಿಂತು ಅಲ್ಪ ಮತಗಳಲ್ಲಿ ಸೋತರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಜೈಲು ಸೇರಿದರು. ಮೂಕಿ ಚಿತ್ರಗಳ ಕಾಲದಲ್ಲಿ ಶೂದ್ರಕನ 'ಮೃಚ್ಛಕಟಿಕ' ಆಧರಿಸಿದ ಚಿತ್ರದಲ್ಲೂ ನಟಿಸಿದ್ದರು. ಆ ಹೆಸರಿನ ಅರ್ಥ ಮಣ್ಣಿನ ಪುಟ್ಟ ಬಂಡಿ!

ಸ್ವಾತಂತ್ರ್ಯಾನಂತರ ಅಧಿಕಾರದ ರಾಜಕಾರಣಕ್ಕಿಂತ ಕುಶಲಕರ್ಮಿಗಳ ಕೆಲಸವನ್ನೇ ಆರಿಸಿಕೊಂಡರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷರಾದರು. ಅಲ್ಯೂಮಿನಿಯಂ, ಪಿಂಗಾಣಿ ಬಂದ ಮೇಲೆ ಕುಂಬಾರನ ಚಕ್ರ ನಿಲ್ಲುತ್ತಿದ್ದ ದಿನಗಳವು. ಜೈಪುರದಲ್ಲಂತೂ ನೀಲಿ ಕೆಲಸ ಬಲ್ಲವರೇ ಇಲ್ಲದಂತಾಗಿತ್ತು.

ಈ ಕೆಲಸ ನಮ್ಮೂರ ಕುಂಬಾರರ ಕೆಲಸದಂತಲ್ಲ. ನಮ್ಮ ಮಡಕೆ ಕೆರೆಯ ಜೇಡಿಮಣ್ಣಿನದು, ಲೇಪವಿಲ್ಲದೆ ಸುಟ್ಟದ್ದು. ಅದು ಸಣ್ಣಗೆ ಜಿನುಗುವುದರಿಂದಲೇ ನೀರು ತಣ್ಣಗಿರುತ್ತದೆ. ಜೈಪುರದ ಪಾತ್ರೆಗೆ ಜೇಡಿಮಣ್ಣೇ ಬೇಡ. ಬೆಣಚುಕಲ್ಲಿನ ಪುಡಿ, ಗಾಜಿನ ಪುಡಿ, ಸ್ವಲ್ಪ ಮುಲ್ತಾನಿ ಮಿಟ್ಟಿ, ಅಂಟು ಸೇರಿಸಿ ಕಲಸಿ ಅಚ್ಚಿಗೆ ಒತ್ತುತ್ತಾರೆ. ಕೋಬಾಲ್ಟ್‌ನಿಂದ ನೀಲಿ, ತಾಮ್ರದಿಂದ ಹಸಿರು ಬಣ್ಣದ ಹೂಬಳ್ಳಿ ಬರೆದು, ಮೇಲೆ ಗ್ಲೇಜ್ ಎನ್ನುವ ಗಾಜಿನಂಥ ಲೇಪ ಕೊಟ್ಟು ಸುಮಾರು 800 ಡಿಗ್ರಿಯಲ್ಲಿ ಒಮ್ಮೆ ಸುಡುತ್ತಾರೆ. ಉರಿ ತಪ್ಪಿದರೆ ಆ ಪಾತ್ರೆಯನ್ನು ಮತ್ತೆ ಸುಟ್ಟು ಸರಿಪಡಿಸುವಂತಿಲ್ಲ.

ಶಾಂತಿನಿಕೇತನದಲ್ಲಿ ಕಲಿತ ಚಿತ್ರಕಲಾವಿದ ಕೃಪಾಲ್ ಸಿಂಗ್ ಶೆಖಾವತ್ ಅವರನ್ನು ಈ ಕಸುಬಿಗೆ ಕರೆತಂದು ಬೆನ್ನಿಗೆ ನಿಂತವರು ಕಮಲಾದೇವಿ. ಜೈಪುರದ ಗಾಯತ್ರಿದೇವಿಯವರ ನೆರವೂ ಸಿಕ್ಕಿತು. 1960ರ ದಶಕದಲ್ಲಿ ಗೂಡು ಮತ್ತೆ ಉರಿಯಿತು, ಹೊಸಬರು ಕಲಿಯಲು ಬಂದರು. ಕಸುಬು ಬಲ್ಲವನಿಗೆ ಹೆಸರು, ಮಾರುಕಟ್ಟೆ ಎರಡೂ ಬೇಕೆಂಬುದು ಕಮಲಾದೇವಿಯವರ ನಿಲುವು. ಕೇವಲ ಹೊಗಳಿಕೆಯಿಂದ ಕುಂಬಾರನ ಒಲೆ ಹತ್ತುವುದಿಲ್ಲವಲ್ಲ! 1964ರಲ್ಲಿ ಮದ್ರಾಸಿನಲ್ಲಿ ಭಾರತೀಯ ಕರಕುಶಲ ಪರಿಷತ್ತನ್ನು ಕಟ್ಟಿದರು.

1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಇವರಿಗೆ ಸಂದವು. ಶೆಖಾವತ್ 1974ರಲ್ಲೇ ಪದ್ಮಶ್ರೀ ಪಡೆದಿದ್ದರು. ಕಮಲಾದೇವಿ 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ತೀರಿಕೊಂಡರು.